ಶಮೀಮ್ ಟೀಚರ್ ಮನೆಗೆ ಕಳಿಸಿದ ಹುಡುಗಿ

ಶಿವಾಜಿನಗರದ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಶಮೀಮ್ ಟೀಚರ್ ಹತ್ತೊಂಬತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದರು. ವ್ಯಾಕರಣದ ಪೀರಿಯಡ್ಡಿನಲ್ಲಿ ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಪದ್ಯದ ದಿನ ಮಾತ್ರ ಬೇರೆಯೇ ಹೆಂಗಸು. ಬೆಂಚಿನ ಮೇಲೆ ಅಂಗೈಯಿಂದ ತಾಳ ಹಾಕಿಸಿ, ಸಾಲುಸಾಲಾಗಿ ಹೇಳಿಸಿ, ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಕೆಂಪರಾಜ್ ಗೋಡೆ ಗುದ್ದುವವರೆಗೂ ಬಿಡುತ್ತಿರಲಿಲ್ಲ. ಮನೆಯಲ್ಲಿ ದಖ್ನಿ ಉರ್ದು, ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಇಂಗ್ಲಿಷಿನ ರುಚಿ ಹತ್ತುವುದು ಪದ್ಯದಿಂದಲೇ ಎಂದು ಅವರ ನಂಬಿಕೆ. ಇಡೀ ಪದ್ಯವನ್ನು ಬಾಯಿಪಾಠ ಒಪ್ಪಿಸುವ ಎಷ್ಟೋ ಹುಡುಗಿಯರಿಗೆ ಪುಸ್ತಕದ ಒಂದು ಸಾಲು ಓದಲು ಬರುವುದಿಲ್ಲವೆಂದೂ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರು. ಎಲ್ಲರೂ ಒಟ್ಟಿಗೆ ಹೇಳುವಾಗ ಅದು ಕೇಳುವುದಕ್ಕೆ ಅಷ್ಟು ಚೆನ್ನಾಗಿರುತ್ತಿತ್ತು.

ಈ ವರ್ಷ ಅದು ಕುತ್ತಿಗೆಗೇ ಬಂತು. ಎಂಟನೇ ತರಗತಿಯ ಇಂಗ್ಲಿಷ್ ಮಾಧ್ಯಮದಲ್ಲಿ ಇಪ್ಪತ್ತನಾಲ್ಕು ಹುಡುಗಿಯರು. ಅವರಲ್ಲಿ ಅರ್ಧದಷ್ಟಾದರೂ ಓದಿನ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಆ ತರಗತಿಯನ್ನು ಮುಚ್ಚಿ, ಎಲ್ಲರನ್ನೂ ದೊಮ್ಮಲೂರಿನಾಚೆಯ ಇನ್ನೊಂದು ಶಾಲೆಗೆ ಕಳಿಸುವುದೆಂದು ಆಡಳಿತ ಮಂಡಳಿ ಹೇಳಿಬಿಟ್ಟಿತ್ತು. ಮಂಡಳಿಯ ದೊಡ್ಡ ಮನುಷ್ಯರಿಗೆ ಅದು ಬರೀ ಎರಡು ಬಸ್ಸಿನ ದೂರ. ನಾಲ್ಕು ಗಂಟೆಗೆ ಅಂಗನವಾಡಿಯಿಂದ ತಮ್ಮನನ್ನು ಕರೆತರಬೇಕಾದ ಹುಡುಗಿಗೆ ಅದು ಓದಿನ ಕೊನೆ. ಯಾರ್‍ಯಾರು ನಿಂತುಹೋಗುತ್ತಾರೆಂದು ಟೀಚರ್ ಬೆರಳು ಮಡಿಚಿ ಎಣಿಸತೊಡಗಿದರು. ಎರಡು ಕೈ ಮುಗಿದ ಮೇಲೆ ಎಣಿಸುವುದನ್ನೇ ಬಿಟ್ಟರು.

ಪರೀಕ್ಷೆ ಮಾಡಲು ಸಾಹೇಬರು ಬರುವ ದಿನ ಓದಿನಲ್ಲಿ ನಿಧಾನದ ಮಕ್ಕಳನ್ನು ಮನೆಯಲ್ಲಿ ಉಳಿಸುವುದು ಆ ಶಾಲೆಯ ಹಳೇ ಪದ್ಧತಿ. ಅದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬಂದ ಮಕ್ಕಳನ್ನಷ್ಟೇ ಲೆಕ್ಕಕ್ಕೆ ಹಿಡಿದು ಸಾಹೇಬರು ಕಾಫಿ ಕುಡಿದು ಹೋಗುತ್ತಿದ್ದರು. ಹಿಂದಿನ ದಿನ ಟೀಚರ್ ಮೂವರನ್ನು ಒಬ್ಬೊಬ್ಬರಾಗಿ ಕರೆದರು. ಮೂರನೆಯವಳು ಅಯ್ಯಮ್ಮ. ಗಾರೆ ಕೆಲಸದ ಮಾನಪ್ಪನ ಮಗಳು, ಯಾದಗಿರಿ ಕಡೆಯವಳು, ಹಲಸೂರಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಪದ್ಯ ಹೇಳುವಾಗ ಬಾಯಿ ಬಿಡದ ಹುಡುಗಿ. ದಿನಾ ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ಟೀಚರೇ ಕೂರಿಸಿಕೊಂಡು ಅವಳಿಗೆ ಓದು ಕಲಿಸಿದ್ದರು. ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಅವಳು ಒಂದು ಸಾಲು ಮುಗಿಸುವಷ್ಟರಲ್ಲಿ ಟೀಚರಿಗೆ ಆಕಳಿಕೆ ಬರುತ್ತಿತ್ತು.

"ನಾಳೆ ಬರ್ಬೇಡ ಕಣೇ. ಹುಷಾರಿಲ್ಲ ಅಂತ ನಾನೇ ಬರ್ಕೋತೀನಿ."

"ನಾ ಆರಾಮ ಇದ್ದೀನ್ರಿ ಟೀಚರ್," ಎಂದಳು ಅಯ್ಯಮ್ಮ.

ಟೀಚರ್ ಕಿಟಕಿಯ ಕಡೆ ನೋಡಿದರು. ಹುಡುಗಿಗೆ ಅರ್ಥವಾಯಿತು. ತಲೆಯಾಡಿಸಿ ಚೀಲ ಹೆಗಲಿಗೇರಿಸಿದಳು.

ಮರುದಿನ ಬಂದ ಪರೀಕ್ಷಕ ಕಿರಣಕುಮಾರ ಪಠ್ಯಪುಸ್ತಕ ಮುಟ್ಟಲೇ ಇಲ್ಲ. ತಾನೇ ತಂದಿದ್ದ ಹಾಳೆ ಹಂಚಿದ. ಕರೆಂಟು ತಂತಿಗೆ ಸಿಕ್ಕಿಕೊಂಡ ಗಾಳಿಪಟದ ಮೇಲೆ ಹನ್ನೆರಡು ಸಾಲಿನ ಪದ್ಯ, ಯಾರೂ ಕಂಡು ಕೇಳದ್ದು. ತರಗತಿಯಲ್ಲಿ ಎಲ್ಲರಿಗಿಂತ ಜೋರು ದನಿಯ ನಾಜಿಶ್ ಮೊದಲ ಪದಕ್ಕೇ ನಿಂತುಬಿಟ್ಟಳು. ಸಾಮಿಯಾ ಎರಡನೇ ಸಾಲಿನಲ್ಲಿ ತಡವರಿಸಿದಳು. ಈಗ ಗಡಿಯಾರ ನೋಡುತ್ತಾನೆ ಎಂದುಕೊಂಡರು ಟೀಚರ್. ಅವನು ನೋಡಲಿಲ್ಲ. ಅರ್ಜೆಂಟಿಲ್ಲ, ನಿಧಾನಕ್ಕೆ ಓದಮ್ಮ ಎಂದು ಕೆನ್ನೆಗೆ ಕೈಕೊಟ್ಟು ಕುಳಿತ. ಸಾಮಿಯಾ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಹನ್ನೆರಡು ಸಾಲನ್ನೂ ಮುಗಿಸಿದಳು. ಅವನು ಪಾಸು ಹಾಕಿದ. ಟೀಚರ್ ಅಯ್ಯಮ್ಮ ಕೂರುವ ಜಾಗದ ಕಡೆ ನೋಡಿದರು. ಅಯ್ಯಮ್ಮ ಓದುವುದೂ ಹೀಗೇ ಅಲ್ಲವೇ.

ಕೊನೆಗೆ ಪಾಸಾದವರು ಹನ್ನೊಂದು ಮಂದಿ. ಬಂದಿರುವವರು ಇಪ್ಪತ್ತೊಂದು, ಹಾಗಾಗಿ ಅರ್ಧಕ್ಕಿಂತ ಹೆಚ್ಚಾಯಿತು ಎಂದು ಟೀಚರ್ ನಗಲು ನೋಡಿದರು.

"ರಿಜಿಸ್ಟರಲ್ಲಿ ಇಪ್ಪತ್ನಾಲ್ಕಿದೆ ಮೇಡಂ," ಎಂದ ಕಿರಣಕುಮಾರ. "ಬರದೇ ಇರೋರ್ನ ಫೇಲ್ ಅಂತ್ಲೇ ಹಾಕ್ಬೇಕು. ಈ ಸಲದಿಂದ ಹಂಗೆ."

ತರಗತಿ ಉಳಿಯಲು ಹನ್ನೆರಡು ಬೇಕು, ಒಬ್ಬಳು ಕಡಿಮೆ. ಒಬ್ಬಳನ್ನು ಕರೆತರುತ್ತೇನೆ, ಒಬ್ಬಳೇ ಒಬ್ಬಳು, ಎಂದು ಟೀಚರ್ ಅಂಗಲಾಚಿದರು. ಮೂರು ಗಂಟೆಯವರೆಗೆ ಕಾಯುತ್ತೇನೆ ಎಂದ, ಪಾಪ. ಆಟೊ ಹಿಡಿದು ಹಲಸೂರಿನ ಆ ವಠಾರ ತಲುಪಿದರೆ ಕೋಣೆಗೆ ಬೀಗ. ಪಕ್ಕದ ಮನೆಯ ರೇವತಿ ಹೇಳಿದಳು: ಹುಡುಗಿ ಶಾಲೆಗೆ ಹೋಗದೆ ಮನೆಯಲ್ಲೇ ಇದ್ದಾಳಲ್ಲ ಎಂದು ಮಾನಪ್ಪ ಅವಳನ್ನೂ ಅವಳ ಪುಟ್ಟ ತಮ್ಮನನ್ನೂ ಕೆ.ಆರ್. ಪುರಂ ಕಡೆ ಕಟ್ಟಡದ ಕೆಲಸಕ್ಕೆ ಕರೆದುಕೊಂಡು ಹೋಗಿದ್ದಾನೆ, ಯಾವ ಕಟ್ಟಡವೋ ಗೊತ್ತಿಲ್ಲ. ಫೋನು ಮಾಡಿದರು. ಯಾರೂ ಎತ್ತಲಿಲ್ಲ. ಮೂರಾಯಿತು, ಕಿರಣಕುಮಾರ ಹೊರಟಿರಬೇಕು, ನಾಲ್ಕೂ ಆಯಿತು. ಟೀಚರ್ ಆ ಮೆಟ್ಟಿಲ ಮೇಲೇ ಕುಳಿತಿದ್ದರು. ಎದ್ದು ಹೋಗಲು ಅವರಿಗೆ ಮುಖವಿರಲಿಲ್ಲ.

ಆರು ಗಂಟೆಗೆ ಅಯ್ಯಮ್ಮ ಬಂದಳು. ಸೊಂಟದಲ್ಲಿ ತಮ್ಮ, ತಲೆಗೂದಲಲ್ಲಿ ಸಿಮೆಂಟಿನ ಧೂಳು. ಟೀಚರನ್ನು ಕಂಡು ಗಾಬರಿಯಾದಳು. ಅವರ ಕೈಯಲ್ಲಿದ್ದ ಗಾಳಿಪಟದ ಪದ್ಯದ ಹಾಳೆ ನೋಡಿ, ಇವತ್ತಿನ ಸಂಜೆ ಪಾಠ ಇಲ್ಲೇ ಮಾಡಲು ಬಂದಿದ್ದಾರೆಂದು ತಿಳಿದು, ತಮ್ಮನನ್ನು ಕೆಳಗಿಳಿಸಿ ಪಕ್ಕದಲ್ಲಿ ಕುಳಿತಳು. ಮೊದಲ ಪದದ ಮೇಲೆ ಬೆರಳಿಟ್ಟಳು.

ಓದಿದಳು. ಎಲ್ಲೂ ಬಿಡದೆ, ಗಾಳಿಪಟ ತಂತಿಯಲ್ಲೇ ಉಳಿಯುವ ಕೊನೆಯ ಸಾಲಿನವರೆಗೆ. ಬಹಳ ಹೊತ್ತು ಹಿಡಿಯಿತು. ಟೀಚರಿಗೆ ಆಕಳಿಕೆ ಬರಲಿಲ್ಲ. ಹಾಳೆ ಮುಗಿಯದಿರಲಿ ಎಂದು ಅವರು ಬೇಡಿಕೊಳ್ಳುತ್ತಿದ್ದರು.

ಹುಡುಗಿ ಹಾಳೆಯನ್ನು ಹಿಂದಕ್ಕೆ ಕೊಟ್ಟಳು.

"ಇನ್ನೊಂದ್ ಸ್ವಲ್ಪ ದಿನಕ್ಕ ಜಲ್ದಿ ಓದಾಕ ಬರ್ತದರಿ ಟೀಚರ್. ಮುಂದಿನ ಸಲ ಸಾಹೇಬ್ರು ಬಂದಾಗ ಮನಿಗಿ ಕಳಿಸಬ್ಯಾಡ್ರಿ."

ಶಮೀಮ್ ಟೀಚರ್ ಹಾಳೆಯನ್ನು ಮಡಿಚಿದರು, ಮತ್ತೆ ಬಿಡಿಸಿದರು. "ಇಲ್ಲ ಕಣೇ, ಕಳಿಸಲ್ಲ," ಎಂದರು.