ಹನ್ನೊಂದನೆಯ ಅಧ್ಯಾಯದ ಧೊಂಡಿಬಾ

ಭಾಲ್ಕಿಯ ತಹಶೀಲ್ದಾರ ಕಚೇರಿಯ ಎದುರು ಧೊಂಡಿಬಾ ಅವರ ಜೆರಾಕ್ಸ್ ಅಂಗಡಿ. ಕುರಿ ಸಾಕುವ ಮನೆಯಲ್ಲಿ ಹುಟ್ಟಿ ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಪತ್ತೇದಾರಿ ಕಾದಂಬರಿಯ ಹುಚ್ಚು ಮಾತ್ರ ಬಿಡಲಿಲ್ಲ. ಅದರಲ್ಲೂ ಬೆಂಗಳೂರಿನ ಒಬ್ಬ ಕಾದಂಬರಿಕಾರರು ಸೃಷ್ಟಿಸಿದ ಇನ್‌ಸ್ಪೆಕ್ಟರ್ ಸುಲೋಚನಾ ಎಂದರೆ ಜೀವ. ಆ ಲೇಖಕರನ್ನು ಅವರು ‘ಸರ್’ ಎಂದೇ ಕರೆಯುತ್ತಿದ್ದರು.

ಸರ್ ಬರೆದ ಸುಲೋಚನಾ ಧಾರವಾಡ ದಾಟಿ ಈಚೆ ಬಂದವಳಲ್ಲ. ಧೊಂಡಿಬಾ ಕರೆತಂದರು. ಅವರ ಕತೆಗಳಲ್ಲಿ ಆಕೆ ಅಷ್ಟೂರಿನ ಗುಂಬಜದ ಹಿಂದೆ ಕಳ್ಳನಿಗಾಗಿ ಕಾದಳು, ಔರಾದಿಗೆ ಹೋಗುವ ಬಸ್ಸಿನಲ್ಲಿ ನಿಂತೇ ಹೋದಳು, ಹಲಬರ್ಗಾದ ನಮ್ಮ ತೊಗರಿ ಹೊಲದಲ್ಲಿ ಅಡಗಿದಳು. ಕೆಟ್ಟುಹೋದ ಜೆರಾಕ್ಸ್ ಹಾಳೆಗಳ ಹಿಂಬದಿಯಲ್ಲಿ ಬರೆದು, ಪಿನ್ನು ಹೊಡೆದು, ಕಾಯುತ್ತ ಕೂತವರಿಗೆ ಓದಲು ಕೊಡುತ್ತಿದ್ದರು. ಪದವಿ ಓದುವಾಗ ನಾನೂ ಅಲ್ಲೇ ಕೂತು ಓದಿದವನು. ಜಾತಿ ಪ್ರಮಾಣಪತ್ರಕ್ಕೆ ಬಂದವರು ಕತೆ ಮುಗಿಯುವ ತನಕ ತಮ್ಮ ಸರದಿ ಬಿಟ್ಟದ್ದುಂಟು.

ಅವರಿಗೆ ಇದ್ದದ್ದು ಒಂದೇ ಆಸೆ. ಸರ್ ಇವನ್ನು ಓದಬೇಕು, ‘ನೀವೂ ಬರಹಗಾರರು’ ಎನ್ನಬೇಕು.

ಹೋದ ವರ್ಷ ಸರ್ ಬೀದರಿಗೆ ಒಂದು ಸಮಾರಂಭಕ್ಕೆ ಬಂದಾಗ ಧೊಂಡಿಬಾ ಕತೆಗಳ ಕಟ್ಟನ್ನು ಕೈಗೆ ಕೊಟ್ಟು ಬಂದರು. ಕೆಲವು ತಿಂಗಳ ಮೇಲೆ ಸರ್ ಅವರೇ ಫೋನ್ ಮಾಡಿದರು: “ಎಲ್ಲಾ ಓದಿದೆ. ಹೊಸ ಪುಸ್ತಕದ ಹನ್ನೊಂದನೇ ಅಧ್ಯಾಯ ನೋಡಿ. ಅದರಲ್ಲಿ ನೀವೇ ಇದ್ದೀರಿ.”

ಪುಸ್ತಕ ಬಂದ ದಿನ ಅಂಗಡಿಯ ಮುಂದೆ ಕುರ್ಚಿ ಹಾಕಿಸಿದರು. ಹೆಂಡತಿ ಚಂದ್ರಭಾಗಾ ಪೇಡೆ ಹಂಚಿದರು. ಪಕ್ಕದಲ್ಲಿ ಅರ್ಜಿ ಬರೆಯುವ ಖಾಲಿದ ಕೇಳಿದ, “ಧೊಂಡಿಬಾ ಸಾಬ್, ಇನ್ನ ಮ್ಯಾಲ ನಮ್ಮ ಗುರ್ತ ಹಿಡೀತೀರೋ ಇಲ್ಲೋ?”

“ನೀ ಯಾರಪಾ?” ಎಂದರು ಧೊಂಡಿಬಾ. ಎಲ್ಲರೂ ನಕ್ಕರು.

ಪುಸ್ತಕವನ್ನು ನನ್ನ ಕೈಗಿಟ್ಟರು. “ತಮ್ಮಾ, ನೀ ಡಿಗ್ರಿ ಮಾಡಿದವ, ನೀನ ಓದು. ನಾನೂ ಇನ್ನಾ ನೋಡಿಲ್ಲ. ಎಲ್ಲಾರ ಜೋಡಿನೇ ಕೇಳ್ತೇನಿ.”

ಓದಿದೆ. ಭಾಲ್ಕಿಯ ಜೆರಾಕ್ಸ್ ಅಂಗಡಿಯ ಧೊಂಡಿಬಾ ಎಂಬ ಪೆದ್ದ, ತನ್ನ ಕತೆ ಓದಿರೆಂದು ಸುಲೋಚನಾಳ ಬೆನ್ನು ಬಿದ್ದಿದ್ದ. ಅವನ ಹಾಳೆಗಳು ಕುರಿಹಟ್ಟಿಯಂತೆ ನಾರುತ್ತಿದ್ದವು. ಆಕೆ ಮೂಗು ಮುಚ್ಚಿಕೊಂಡು ಓದಿದಳು: ‘ಗುಂಬಜದ ನೆರಳು ಕಳ್ಳನ ಕಾಲಿನ ತನಕ ಬಂತು. ಮೇಡಂ ಉಸಿರು ಹಿಡಿದರು. ನಮ್ಮ ಮಣ್ಣೂ ಉಸಿರು ಹಿಡಿಯಿತು.’ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ಮೂರು ಸಾಲೂ ಧೊಂಡಿಬಾ ಅವರವೇ. ಒಂದಕ್ಷರವೂ ಬದಲಾಗಿರಲಿಲ್ಲ. ನಾನು ನಿಲ್ಲಿಸಿದೆ.

“ಯಾಕ ನಿಂತಿ? ಓದು” ಎಂದರು ಧೊಂಡಿಬಾ.

ಮುಂದೆ ಓದಿದೆ. ಸುಲೋಚನಾ ಹಾಳೆಗಳನ್ನು ಚರಂಡಿಗೆ ಎಸೆದಳು. ಅವನು ಇಳಿದು ಒಂದೊಂದನ್ನೇ ಆರಿಸಿ ಕಣ್ಣಿಗೊತ್ತಿಕೊಂಡ. ಕೇಳುತ್ತ ಕೂತವರಲ್ಲಿ ಮೊದಲು ನಕ್ಕವಳು ಚಹಾದಂಗಡಿಯ ಸಖುಬಾಯಿ. “ನಿನ್ನ ಕುರಿ ವಾಸನಿ ಬೆಂಗಳೂರ ತನಕಾ ಹೋತಲ್ಲೋ ಧೊಂಡ್ಯಾ!” ಖಾಲಿದ ಬಾಯಿಗೆ ಕೈ ಅಡ್ಡ ಹಿಡಿದ. ಬರವಣಿಗೆ ಅಷ್ಟು ಚುರುಕಾಗಿತ್ತು. ಓದುತ್ತಲೇ ನಾನೂ ನಕ್ಕೆ. ಚಂದ್ರಭಾಗಾ ಪೇಡೆಯ ಡಬ್ಬಿ ಮುಚ್ಚಿ ಒಳಗೆ ಹೋದರು.

ಸಂಜೆ ಸರ್ ಫೋನ್ ಬಂತು. ಧೊಂಡಿಬಾ ಸ್ಪೀಕರಿಗೆ ಹಾಕಿದರು.

“ಬೇಜಾರಿಲ್ಲ ತಾನೆ? ಓದಿದೋರಿಗೆಲ್ಲ ನಿಮ್ಮ ಪಾತ್ರ ತುಂಬಾ ಹಿಡಿಸಿಬಿಟ್ಟಿದೆ. ಮುಂದಿನ ಪುಸ್ತಕಕ್ಕೂ ಬೇಕು. ಇನ್ನೊಂದಿಷ್ಟು ಬರೆದು ಕಳಿಸಿ. ಹಿಂಗೇ ಇರಲಿ, ತಿದ್ದೋಕೆ ಹೋಗಬೇಡಿ.”

ಧೊಂಡಿಬಾ ಎದುರಿಗಿದ್ದ ಪುಸ್ತಕವನ್ನು ಮುಚ್ಚಿಟ್ಟರು. ಆಮೇಲೆ, “ಕಳಸ್ತೇನ್ರಿ ಸರ್” ಎಂದರು.

ಈಗ ವಾರಕ್ಕೊಂದು ಕತೆ ಬರೆಯುತ್ತಾರೆ. ನಮಗೆ ಯಾರಿಗೂ ತೋರಿಸುವುದಿಲ್ಲ, ನೇರ ಅಂಚೆಗೆ ಹಾಕುತ್ತಾರೆ. ಯಾಕೆಂದು ಒಮ್ಮೆ ಕೇಳಿದೆ.

“ಸರ್ ಓದ್ತಾರಲ್ಲ ತಮ್ಮಾ” ಎಂದರು.