ಹಬ್ಬದ ಪುಸ್ತಕದ ಮೇಷ್ಟ್ರು

ನಮ್ಮ ಇತಿಹಾಸದ ಮೇಷ್ಟ್ರು ಎಲೆಅಡಿಕೆ ಮುಟ್ಟಿದವರಲ್ಲ, ಆದರೂ ಅವರ ಕೆಳತುಟಿ ಸದಾ ಕೆಂಪು. ಕೆಂಪು ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ತಾಗಿಸಿಯೇ ಗೀಟು ಎಳೆಯುವ ಅಭ್ಯಾಸ. ಅಚ್ಚಾದ ಯಾವುದೇ ಕಾಗದ ಕೈಗೆ ಸಿಗಲಿ, ತಿದ್ದದೆ ಬಿಡುತ್ತಿರಲಿಲ್ಲ. ಚಾಮರಾಜಪುರಂನ ಅವರ ಮನೆಗೆ ನಮ್ಮಪ್ಪ ನನ್ನ ಮದುವೆ ಪತ್ರಿಕೆ ಕೊಡಲು ಹೋದಾಗ, ಅದರಲ್ಲಿ ಎರಡು ತಪ್ಪು ತೋರಿಸಿದ ಮೇಲೆಯೇ ಕಾಫಿ ಕೊಟ್ಟರಂತೆ.

ಮಧ್ಯಯುಗದ ಯುರೋಪು ಅವರ ಪ್ರೀತಿಯ ಪಾಠ. ಫ್ರಾಂಕರ ದೊರೆಯೊಬ್ಬನಿಗೆ ತನ್ನ ರಾಜ್ಯದ ಚರ್ಚುಗಳಲ್ಲಿ ಊರಿಗೊಂದು ಬಗೆಯ ಪೂಜೆ ನಡೆಯುವುದನ್ನು ಸಹಿಸಲಾಗಲಿಲ್ಲ. ರೋಮಿನ ಪೋಪರಿಗೆ ಹೇಳಿ ಕಳಿಸಿ ಅಪ್ಪಟ ಪೂಜಾಪುಸ್ತಕವೊಂದನ್ನು ತರಿಸಿಕೊಂಡ. ಬಿಚ್ಚಿ ನೋಡಿದರೆ ಅದು ಪೋಪರು ದೊಡ್ಡ ಹಬ್ಬಗಳಿಗೆ ಬಳಸುವ ಪುಸ್ತಕ! ಎಷ್ಟೋ ಸಾಧಾರಣ ಭಾನುವಾರಗಳಿಗೆ, ಸಾಮಾನ್ಯರನ್ನು ಮಣ್ಣು ಮಾಡುವುದಕ್ಕೆ ಬೇಕಾದ ಪ್ರಾರ್ಥನೆಗಳೇ ಇಲ್ಲ. ಕೊನೆಗೆ ದೊರೆಯ ಕಡೆಯ ಪಂಡಿತರು ಹಳೆಯ ಪುಸ್ತಕಗಳಿಂದಲೇ ಆಯ್ದು ಅದರ ಹಿಂಬದಿಗೆ ಸೇರಿಸಬೇಕಾಯಿತು. “ದೊರೆ ತರಿಸಿದ್ದು ಹಬ್ಬದ ಪುಸ್ತಕ ಕಣಮ್ಮ, ಜನ ಸಾಯೋದು ವಾರದ ದಿನ” ಎಂದು ಮೇಷ್ಟ್ರು ಹೊಟ್ಟೆ ಅಲ್ಲಾಡಿಸಿ ನಗುತ್ತಿದ್ದರು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನಿವೃತ್ತರಾದ ಮೇಲೆ ಇದೇ ಮೇಷ್ಟ್ರು ತಮ್ಮ ಕ್ರೈಸ್ತ ಸಭೆಯ ಪ್ರಾರ್ಥನಾಲಯಗಳಿಗೆಲ್ಲ ಒಂದೇ ಪುಸ್ತಕ ಮಾಡುವ ಸಮಿತಿಯ ಮುಖ್ಯಸ್ಥರಾದರು. “ಒಂದು ಒಪ್ಪ ಅಂತ ಇರ್ಬೇಕಮ್ಮ” ಎನ್ನುವರು. ನಾನು ಶೈವರ ಮನೆಯವಳು, ಅತಿಥಿ ಉಪನ್ಯಾಸಕಿ. ಹಳೆಯ ಶಿಷ್ಯೆ ಎಂಬ ಸಲಿಗೆಗೆ ಟೈಪಿಂಗ್ ನನ್ನ ತಲೆಗೆ ಬಂತು. ಏಳನೆಯ ಕರಡಿನ ಹೊತ್ತಿಗೆ ನನಗೂ ಸಾಕಾಗಿತ್ತು, ಅವರಿಗೂ ಸಾಕಾಗಿತ್ತು.

ಉದಯಗಿರಿಯ ಪುಟ್ಟ ಪ್ರಾರ್ಥನಾಲಯದ ಹೆಂಗಸರು ಮಣ್ಣು ಹಾಕುವಾಗ ಒಂದು ಹಾಡು ಹೇಳುತ್ತಿದ್ದರು. ಸತ್ತವರ ಹೆಸರು, ಅವರ ಕೆಲಸ, ಕೋಪತಾಪ ಎಲ್ಲವನ್ನೂ ಸೇರಿಸಿ ಆಯಾ ಸಾವಿಗೇ ಕಟ್ಟುವುದು. ಒಬ್ಬರಿಗೆ ಹಾಡಿದ್ದು ಇನ್ನೊಬ್ಬರಿಗೆ ಸಲ್ಲದು. ಅಂಥದ್ದನ್ನು ಪುಸ್ತಕದಲ್ಲಿ ಹೇಗೆ ಹಾಕುವುದು? ಮೇಷ್ಟ್ರು ಗೀಟು ಎಳೆದರು. ಅದರ ಜಾಗಕ್ಕೆ ಎಲ್ಲರಿಗೂ ಒಂದೇ ಆದ ಬೇರೆ ಹಾಡು ಬಂತು. ಬಳಸಿ ನೋಡಲೆಂದು ಆ ಕರಡನ್ನು ಮೊದಲು ಉದಯಗಿರಿಗೇ ಕೊಟ್ಟರು.

ಮರುವರ್ಷ ಅಲ್ಲಿನ ಒಬ್ಬ ಮೆಕ್ಯಾನಿಕ್ ತೀರಿಕೊಂಡರು. ಹಾಡು ಕಟ್ಟುವುದರಲ್ಲಿ ಹೆಸರಾದ ಅಜ್ಜಿಯ ಗಂಡ ಅವರು. ಮೇಷ್ಟ್ರ ಜೊತೆ ನಾನೂ ಹೋಗಿದ್ದೆ. ಹೊಸ ಹಾಡು ಇನ್ನೂ ಯಾರಿಗೂ ಬಾರದು. ಹೆಂಗಸರೆಲ್ಲ ತುಟಿ ಬಿಚ್ಚದೆ ನಿಂತಿದ್ದರು. ಮಣ್ಣು ಬೀಳುವ ಸದ್ದು ಮಾತ್ರ.

“ಯಾಕಮ್ಮಾ, ಹಾಡಲ್ವಾ?” ಎಂದರು ಮೇಷ್ಟ್ರು.

“ನೀವೇ ಬ್ಯಾಡ ಅಂದ್ರಲ್ಲ ಮೇಷ್ಟ್ರೇ” ಎಂದಳು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ವಿಧೇಯತೆ. ಮೇಷ್ಟ್ರು ಅಂದು ಊಟ ಮಾಡಲಿಲ್ಲವೆಂದು ಅವರ ಮನೆಯವರು ಆಮೇಲೆ ಹೇಳಿದರು.

ಆ ಹಾಡನ್ನು ಪುಸ್ತಕದ ಹಿಂದೆ ಸೇರಿಸಲೇಬೇಕೆಂದು ಅವರು ಹಟ ಹಿಡಿದರು. ಮಂಡಿನೋವಿನ ಕಾಲೆಳೆದುಕೊಂಡು ಎಷ್ಟು ಸಲ ಉದಯಗಿರಿಗೆ ಹೋದರೋ! ಅಜ್ಜಿಯದು ಒಂದೇ ಮಾತು: “ಯಾರು ಸತ್ತವ್ರೆ ಹೇಳಿ, ಹಾಡ್ತೀನಿ. ಸುಮ್‌ಸುಮ್ನೆ ಹಾಡಕ್ಕಾಯ್ತದಾ?”

“ನಾನೇ ಸತ್ತೆ ಅಂದ್ಕೊಂಡು ಹಾಡಿ” ಎಂದರು ಮೇಷ್ಟ್ರು ಒಮ್ಮೆ, ರೋಸಿಹೋಗಿ.

“ಬುಡ್ತು ಅನ್ನಿ ಮೇಷ್ಟ್ರೇ! ಆವತ್ತು ಬಂದಾಗ ನೋಡಾನ.”

ಕೊನೆಗೂ ಬರೆದುಕೊಳ್ಳಲಾಗಲಿಲ್ಲ. ಸಮಿತಿಯೂ ಕಾಯಲಿಲ್ಲ, ಪುಸ್ತಕ ಇದ್ದಂತೆಯೇ ಎಲ್ಲ ಕಡೆ ಬಳಕೆಗೆ ಬಂತು.

ಹೋದ ವರ್ಷ ಮೇಷ್ಟ್ರು ಹೋದರು. ಸಮಾಧಿಯ ಸುತ್ತ ನಿಂತು ಎಲ್ಲರೂ ಹೊಸ ಹಾಡನ್ನು ಒಂದಕ್ಷರ ತಪ್ಪದೆ ಹಾಡಿದರು. ಅದನ್ನು ಟೈಪ್ ಮಾಡಿದವಳು ನಾನೇ. ಹಿಂದಿನ ಸಾಲಿನಲ್ಲಿ ಅಜ್ಜಿ ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಹಾಡಲು ಹೇಳಬೇಕೆಂದು ನನಗೆ ಗೊತ್ತಿತ್ತು. ಆದರೆ ಫಾದರ್ ಎದುರು, ಇಷ್ಟು ಜನರ ನಡುವೆ, ಬೇರೆ ಮತದ ನಾನು ಯಾವ ದೊಡ್ಡವಳೆಂದು ಬಾಯಿ ಬಿಡಲಿಲ್ಲ. ನನಗೆ ಎಲ್ಲವನ್ನೂ ಕಲಿಸಿದವರಿಗಾಗಿ ಒಂದು ಮಾತು ಆಡಲಾಗಲಿಲ್ಲ.

ಗೇಟಿನ ಬಳಿ ಅಜ್ಜಿ ನನ್ನ ಕೈ ಹಿಡಿದಳು.

“ಮೇಷ್ಟ್ರುದು ಕಟ್ಕೊಂಡೇ ಬಂದಿದ್ದೆ ಕಣವ್ವ. ಯಾರಾದ್ರೂ ಹಾಡು ಅಂತಾರೇನೋ ಅಂತ ನೋಡ್ತಿದ್ದೆ.”

“ಈಗ ಹಾಡಿ ಅಜ್ಜಿ, ನಾನು ಕೇಳ್ತೀನಿ.”

“ಮಣ್ಣು ಮುಚ್ಚಾಯ್ತಲ್ಲವ್ವ. ಇನ್ಯಾರಿಗೆ ಹಾಡ್ಲಿ?”