ಮಡ್‌ಗಾರ್ಡಿಗೆ ತಾಗುವ ಟಯರ್

ಆ ವರ್ಷ ಮಳೆ ಶುರುವಾಗುವ ಮೊದಲೇ ನಮ್ಮ ರಸ್ತೆ ಹಾಳಾಗಿತ್ತು. ಕುಡಿಯುವ ನೀರಿನ ಪೈಪ್ ಹಾಕಲಿಕ್ಕೆಂದು ಬೇಸಿಗೆಯಲ್ಲಿ ಉದ್ದಕ್ಕೂ ಅಗೆದವರು ಮಣ್ಣನ್ನು ಹಾಗೇ ಎಳೆದು ಮುಚ್ಚಿ ಹೋಗಿದ್ದರು. ಗುತ್ತಿಗಾರು ಪೇಟೆಯಿಂದ ಒಳಗೆ ಬಂದು ಡಾಮಾರು ಬಿಟ್ಟ ಮೇಲೆ ನಮ್ಮ ಮನೆಗೆ ಏರುವ ದಾರಿ ಅದು. ಒಂದು ಕಡೆ ರಬ್ಬರ್ ಮರಗಳು, ಇನ್ನೊಂದು ಕಡೆ ಕಾಡು. ಮೊದಲ ಜೋರು ಮಳೆಗೆ ಆ ಸಡಿಲ ಮಣ್ಣೆಲ್ಲ ಕಲಸಿದ ಅಂಟಿನ ಹಾಗಾಯಿತು. ಆಟೋದವರು ಕೆಳಗೆ ಮೋರಿಯ ಹತ್ತಿರವೇ ನಿಲ್ಲಿಸಿ, "ಮೇಲೆ ಬರ್ಲಿಕ್ಕೆ ಆಗುದಿಲ್ಲ ಅಕ್ಕ, ಬೇಜಾರು ಮಾಡ್ಬೇಡಿ" ಎಂದು ತಿರುಗಿಸಿಕೊಂಡು ಹೋಗತೊಡಗಿದರು.

ಉಳಿದವರು ನಡೆದು ಇಳಿಯುತ್ತಿದ್ದರು. ನನ್ನ ಗಂಡನಿಗೆ ಅದು ಸಾಧ್ಯವಿರಲಿಲ್ಲ. ಅವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ದಿನ ಬಿಟ್ಟು ದಿನ ಸುಳ್ಯದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಒಂದು ಸಲ ತಪ್ಪಿದರೂ ಮೈಯೊಳಗೆ ನೀರು ನಿಂತು ಕಾಲು ಊದಿಕೊಳ್ಳುತ್ತಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅದೇ ರಸ್ತೆಯಲ್ಲಿ ವರ್ಷಗಟ್ಟಲೆ ಬಾಡಿಗೆ ಜೀಪು ಓಡಿಸಿದ ಮನುಷ್ಯ ಅವರು. ಕಾಯಿಲೆಯ ಖರ್ಚಿಗೆ ಜೀಪು ಮಾರಿ ಹೋಗಿತ್ತು. ಊರಿನಲ್ಲಿದ್ದ ಇನ್ನೊಂದು ಜೀಪು ಬೆಳಿಗ್ಗೆ ಶಾಲೆಯ ಮಕ್ಕಳನ್ನು ಒಯ್ಯುವುದಕ್ಕೆ ನಿಗದಿಯಾಗಿತ್ತು. ಉಳಿದದ್ದು ನನ್ನ ಸ್ಕೂಟರ್. ಅವರನ್ನು ಹಿಂದೆ ಕೂರಿಸಿಕೊಂಡು ಡಾಮಾರು ರಸ್ತೆಯವರೆಗೆ ಇಳಿಸುವುದು, ಸ್ಕೂಟರನ್ನು ಅಂಗಡಿಯ ಮಾಡಿನಡಿ ನಿಲ್ಲಿಸುವುದು, ಅಲ್ಲಿಂದ ಬಸ್ಸು ಹಿಡಿಯುವುದು.

ಸ್ಕೂಟರಿನ ಮಾಮೂಲಿ ಟಯರಿಗೆ ಆ ಮಣ್ಣಿನಲ್ಲಿ ಹಿಡಿತವೇ ಇರಲಿಲ್ಲ. ಎರಡೂ ಕಾಲು ನೆಲಕ್ಕೆ ಊರಿ ತೆವಳಿದ ಹಾಗೆ ಇಳಿಯುತ್ತಿದ್ದೆ. ಹತ್ತುವಾಗ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಗುಂಡಿ ತೋಡುತ್ತಿತ್ತು. ಆಗ ಅವರು ಇಳಿದು, ನಾಲ್ಕು ಹೆಜ್ಜೆಗೊಮ್ಮೆ ರಬ್ಬರ್ ಮರಕ್ಕೆ ಒರಗಿ ಬಾಯಿಯಲ್ಲಿ ಉಸಿರು ಬಿಡುತ್ತ ಬರುತ್ತಿದ್ದರು. ನಾನು ಹಿಂದಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಕಡಬದಲ್ಲಿರುವ ನನ್ನ ತಮ್ಮ ಪಿಕಪ್ ಓಡಿಸುತ್ತಾನೆ. ಅವನೇ ಫೋನಿನಲ್ಲಿ ಹೇಳಿದ್ದು: "ಅಕ್ಕ, ಬಟನ್ ಟಯರ್ ಹಾಕಿಸು. ಕೇರಳದ ಕಡೆ ತೋಟದವರು ಸ್ಕೂಟರಿಗೂ ಹಾಕ್ತಾರೆ." ಮೈತುಂಬ ರಬ್ಬರಿನ ಗುಬುಟುಗಳಿರುವ ಟಯರು ಅದು, ಕೆಸರನ್ನು ಕಚ್ಚಿ ಹಿಡಿಯುತ್ತದೆ. ಸುಳ್ಯದಲ್ಲಿ ಕೇಳಿದೆ. ಬೈಕಿನದ್ದು ಉಂಟು, ಸ್ಕೂಟರಿನ ಸಣ್ಣ ಚಕ್ರಕ್ಕೆ ಇಲ್ಲ ಎಂದರು. ಕೊನೆಗೆ ತಮ್ಮನೇ ಪುತ್ತೂರಿಗೆ ಬಾಡಿಗೆ ಹೋದಾಗ ಅಂಗಡಿ ಅಂಗಡಿ ಹುಡುಕಿ, ಒಂದು ಜೋಡಿಯನ್ನು ಬಸ್ಸಿನಲ್ಲಿ ಹಾಕಿ ಕಳಿಸಿದ. ಬಸ್ ನಿಲ್ದಾಣದಲ್ಲಿ ಅವನ್ನು ಇಳಿಸಿಕೊಂಡಾಗ, ಹೊಸ ರಬ್ಬರಿನ ವಾಸನೆಗೆ ನನ್ನ ಎದೆ ಸ್ವಲ್ಪ ಹಗುರಾಯಿತು.

ಗುತ್ತಿಗಾರಿನ ಗ್ಯಾರೇಜಿನವರು ನನಗಿಂತ ಹಿರಿಯರು, ಬ್ಯಾರಿ ಸಾಹೇಬರು, ನನ್ನ ಗಂಡನಿಗೆ ಜೀಪಿನ ಕಾಲದಿಂದಲೂ ಗುರುತು. ಟಯರನ್ನು ನೋಡಿಯೇ ಅವರು ತಲೆ ಅಲ್ಲಾಡಿಸಿದರು.

"ಇದು ದಪ್ಪ ಆಯ್ತು ಅಕ್ಕ. ಗುಬುಟು ಮಡ್‌ಗಾರ್ಡಿಗೆ ತಾಗುವಷ್ಟು ಹತ್ರ ಬರ್ತದೆ."

"ತಾಗ್ತದಾ, ಇಲ್ವಾ?"

ಅವರು ಹಾಕಿ, ಸ್ಟ್ಯಾಂಡಿನ ಮೇಲೆ ಚಕ್ರವನ್ನು ತಿರುಗಿಸಿ ತೋರಿಸಿದರು. ತಾಗಲಿಲ್ಲ. ಆದರೆ ಟಯರಿಗೂ ಮೇಲಿನ ಪ್ಲಾಸ್ಟಿಕ್ಕಿಗೂ ನಡುವೆ ಬೆರಳು ತೂರುವಷ್ಟೂ ಜಾಗವಿರಲಿಲ್ಲ. "ಈಗ ತಿರುಗ್ತದೆ. ಕೆಸರಲ್ಲಿ ಹೇಗೆ ಅಂತ ನಾನು ಹೇಳುದಿಲ್ಲ" ಎಂದರು. ಮರುದಿನ ಬೆಳಿಗ್ಗೆ ಡಯಾಲಿಸಿಸ್ ಇತ್ತು. ನಾನು ಸ್ಕೂಟರನ್ನು ಹಾಗೇ ಮನೆಗೆ ತಂದೆ.

ಬೆಳಿಗ್ಗೆ ಹೊರಟು ಮೊದಲ ತಿರುವು ದಾಟುವವರೆಗೆ ಟಯರು ಚೆನ್ನಾಗಿ ಕಚ್ಚಿ ಹಿಡಿಯಿತು. "ಒಳ್ಳೆದುಂಟು" ಎಂದು ಹಿಂದಿನಿಂದ ಅವರು ಹೇಳಿದ್ದೂ ಕೇಳಿತು. ಆಮೇಲೆ ಒಂದು ಗುಂಡಿ. ಇಬ್ಬರ ಭಾರಕ್ಕೆ ಸ್ಕೂಟರಿನ ಮುಂಭಾಗ ಕೆಳಗೆ ಕುಸಿದಾಗ ಗರ್ರೆಂಬ ಸದ್ದು ಬಂತು. ಗುಬುಟುಗಳು ಎತ್ತಿ ತಂದ ಮಣ್ಣು ಹೊರಗೆ ಬೀಳಲು ಜಾಗವಿಲ್ಲದೆ ಮಡ್‌ಗಾರ್ಡಿನೊಳಗೆ ತುಂಬುತ್ತ ಹೋಗಿರಬೇಕು. ಮೋರಿಗೆ ಇಳಿಯುವ ಕಡಿದಾದ ಜಾಗದಲ್ಲಿ ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಯಿತು.

ನಾನು ಎದ್ದು ನೋಡಿದಾಗ ಅವರು ಚರಂಡಿಯ ಅಂಚಿನಲ್ಲಿ ಅಂಗಾತ ಬಿದ್ದಿದ್ದರು. ಎಡಗೈಯನ್ನು ಮಾತ್ರ ನೆಟ್ಟಗೆ ಮೇಲೆತ್ತಿ ಹಿಡಿದಿದ್ದರು. ಡಯಾಲಿಸಿಸ್ ಸೂಜಿ ಚುಚ್ಚಲಿಕ್ಕೆಂದು ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಕೈ ಅದು. ಅದಕ್ಕೆ ಪೆಟ್ಟಾದರೆ ಎಲ್ಲ ಮುಗಿದ ಹಾಗೆ ಎಂದು ಡಾಕ್ಟರು ಹೇಳಿದ್ದರು. ನಾನು ಆ ಕೈ ಹಿಡಿದು, ಮಣಿಕಟ್ಟಿನ ಮೇಲೆ ಕಿವಿ ಇಟ್ಟೆ. ರಕ್ತ ಹರಿಯುವ ಜುಂಯ್ ಸದ್ದು ಇತ್ತು. ಅಲ್ಲೇ ಕೆಸರಿನಲ್ಲಿ ಕೂತು ಅತ್ತೆ.

ಅವತ್ತು ಬಸ್ಸು ತಪ್ಪಿತು. ಆಸ್ಪತ್ರೆಗೆ ಫೋನ್ ಮಾಡಿದರೆ, ನಾಳೆ ಬೆಳಿಗ್ಗೆ ಮೊದಲು ಬಂದರೆ ಮೆಷಿನ್ ಕೊಡುತ್ತೇವೆ, ತಡವಾದರೆ ಇಲ್ಲ ಎಂದರು. ಅವರನ್ನು ಹೆಗಲಿಗೆ ಆನಿಸಿಕೊಂಡು ಮನೆಗೆ ಹತ್ತಿಸಿದೆ. ಕುರ್ಚಿಯಲ್ಲಿ ಕೂರಿಸಿ ಮೈ ಒರೆಸುವಾಗ ಪಾದ ಒತ್ತಿ ನೋಡಿದೆ. ಬೆರಳು ಒತ್ತಿದ ಗುಳಿ ಹಾಗೇ ನಿಂತಿತು.

"ನನಗೆ ಸಾಕಾಯ್ತು ಮಾರಾಯ್ತಿ. ಇನ್ನು ಹೋಗುದು ಬೇಡ."

"ಎಂತ ಮಾತು ಇದು?"

"ನಿನ್ನ ಕೈಕಾಲು ಮುರಿದರೆ ನೋಡ್ಲಿಕ್ಕೆ ಯಾರುಂಟು? ನನ್ನದು ಹೇಗಿದ್ದರೂ ಅಷ್ಟೇ. ಬಿಡು."

ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ಅವರು ಶಾಂತವಾಗಿ, ಬಾಡಿಗೆ ಬೇಡ ಎನ್ನುವವರ ಹಾಗೆ ಹೇಳಿದರು. ಅವರ ಫೋನನ್ನು ಪಕ್ಕದ ಮೇಜಿನ ಮೇಲಿಟ್ಟು, ಕೆಳಗಿಳಿದು ಸ್ಕೂಟರ್ ಬಿದ್ದಲ್ಲಿಗೆ ಹೋದೆ. ಕೋಲಿನಿಂದ ಮಡ್‌ಗಾರ್ಡಿನೊಳಗಿನ ಮಣ್ಣು ಕುತ್ತಿ ಕುತ್ತಿ ತೆಗೆದೆ. ನಡುವೆ ಸಿಕ್ಕಿಕೊಂಡಿದ್ದ ಕಲ್ಲೊಂದು ಉದುರಿದ ಮೇಲೆ ಚಕ್ರ ತಿರುಗಿತು. ತಳ್ಳುತ್ತ, ನಿಲ್ಲಿಸಿ ಮಣ್ಣು ತೆಗೆಯುತ್ತ ಗ್ಯಾರೇಜು ಮುಟ್ಟಿದೆ.

ಸಾಹೇಬರು ನನ್ನ ಬಟ್ಟೆ ನೋಡಿಯೇ ಎದ್ದು ನಿಂತರು. "ಪೆಟ್ಟಾಯ್ತಾ? ಅವರಿಗೆ?" ಎಂದು ಕೇಳಿ, "ಹಳೇ ಟಯರೇ ವಾಪಸ್ ಹಾಕುವ ಅಕ್ಕ" ಎಂದರು.

"ಹಳೇ ಟಯರಲ್ಲಿ ಗುಡ್ಡೆ ಹತ್ತುದಿಲ್ಲ. ಹೊಸತರಲ್ಲಿ ಚಕ್ರವೇ ತಿರುಗುದಿಲ್ಲ. ಹಾಗಾದ್ರೆ ನಾನೆಂತ ಮಾಡುದು, ನೀವೇ ಹೇಳಿ!" ನನ್ನ ದನಿ ಎಷ್ಟು ಏರಿತ್ತೆಂದರೆ ಎದುರಿನ ಹೋಟೆಲಿನವರು ಹೊರಗೆ ಬಂದು ನೋಡಿದರು. "ಮಡ್‌ಗಾರ್ಡ್ ಕಿತ್ತು ಬಿಸಾಡಿ. ಎಂತ ಬೇಕಾದ್ರೂ ಮಾಡಿ. ನಾಳೆ ಬೆಳಿಗ್ಗೆ ನಾನು ಅವರನ್ನು ಕರ್ಕೊಂಡು ಹೋಗ್ಲೇಬೇಕು."

"ಕಿತ್ತರೆ ಕೆಸರು ಸೀದಾ ನಿಮ್ಮ ಕಣ್ಣಿಗೆ. ಮತ್ತೆ ಬೀಳ್ತೀರಿ" ಎಂದರು. ಸ್ವಲ್ಪ ಹೊತ್ತು ಚಕ್ರದ ಎದುರು ಕುಕ್ಕುರುಗಾಲಿನಲ್ಲಿ ಕೂತರು. "ಮಡ್‌ಗಾರ್ಡನ್ನೇ ಸ್ವಲ್ಪ ಎತ್ತಿ ಕೂರಿಸಿ ನೋಡುವ."

ಮಡ್‌ಗಾರ್ಡ್ ಬಿಚ್ಚಿದರು. ಕಬ್ಬಿಣದ ಪೈಪನ್ನು ಸಣ್ಣ ಸಣ್ಣ ತುಂಡು ಮಾಡಿ, ಬೋಲ್ಟ್ ಕೂರುವ ಪ್ರತಿ ಜಾಗದಲ್ಲೂ ಒಂದೊಂದನ್ನು ನಡುವೆ ಇಟ್ಟು, ಉದ್ದದ ಬೋಲ್ಟ್ ಹಾಕಿ ಬಿಗಿದರು. ಮೊದಲನೆಯ ಸಲ ಅದು ಓರೆಯಾಗಿ ಒಂದು ಬದಿಗೆ ತಾಗಿತು. ಬಿಚ್ಚಿದರು. ಬದಿಯ ಅಂಚನ್ನು ಗರಗಸದ ಬ್ಲೇಡಿನಿಂದ ಕೊಯ್ಯುವಾಗ ಪ್ಲಾಸ್ಟಿಕ್ ಸೀಳಿತು. ಸೀಳಿದ ಕಡೆ ತಗಡಿನ ಪಟ್ಟಿ ಕೂರಿಸಿದರು. ಹಿಂದಿನ ಚಕ್ರದ ಒಳಗಡೆ ನೇತಾಡುವ ರಬ್ಬರ್ ಹಾಳೆಯೂ ಗುಬುಟಿಗೆ ಸವರುತ್ತಿತ್ತು, ಅದನ್ನು ಕತ್ತರಿಸಿ ಕಟ್ಟಿದರು. ನಡುವೆ ಬಾಂಗ್ ಆಯಿತು. ಅವರು ನಮಾಜಿಗೆ ಹೋಗಿ ಬಂದು, ಊಟಕ್ಕೆ ಹೋಗದೆ ಮತ್ತೆ ಕೂತರು. ನಾನು ಮನೆಗೆ ಫೋನ್ ಮಾಡುತ್ತಲೇ ಇದ್ದೆ. ರಿಂಗ್ ಆಗುತ್ತಿತ್ತು. ಎತ್ತುತ್ತಿರಲಿಲ್ಲ.

"ಆಯ್ತು ಅಕ್ಕ, ನೋಡಿ. ಬೆರಳು ಸರಾಗ ಹೋಗ್ತದೆ."

"ನೀವಿಬ್ಬರು ಕೂತ್ಕೊಳ್ಳಿ" ಎಂದು ಅವರನ್ನೂ ಹೋಟೆಲಿನವರನ್ನೂ ಸ್ಕೂಟರಿನ ಮೇಲೆ ಕೂರಿಸಿದೆ. "ಕುಪ್ಪಳಿಸಿ." ಕುಪ್ಪಳಿಸಿದರು. ಆದರೂ ನನಗೆ ನಂಬಿಕೆ ಬರಲಿಲ್ಲ. ಚರಂಡಿಗೆ ಇಳಿದು ಎರಡೂ ಕೈ ತುಂಬ ಕೆಸರು ತಂದು ಟಯರಿಗೆ ಮೆತ್ತತೊಡಗಿದೆ.

"ಎಂತ ಮಾಡುದು ನೀವು!"

"ತಿರುಗಿಸಿ."

ತಿರುಗಿಸಿದರು. ಕೆಸರು ಪಟಪಟನೆ ಹೊರಗೆ ಉದುರಿತು. ಇನ್ನೊಮ್ಮೆ, ಜಲ್ಲಿ ಸೇರಿಸಿ ಮೆತ್ತಿದೆ. ಒಂದು ಕಲ್ಲು ಸಿಕ್ಕಿಕೊಂಡಿತು. ಸಾಹೇಬರು ಮತ್ತೆ ಬಿಚ್ಚಿ, ಪೈಪಿನ ಇನ್ನೂ ಉದ್ದದ ತುಂಡುಗಳನ್ನು ಕೊಯ್ದು ಕೂರಿಸಿದರು. ಮುಗಿದಾಗ ಸ್ಕೂಟರ್ ಹುಬ್ಬೇರಿಸಿದ ಹಾಗೆ ಕಾಣುತ್ತಿತ್ತು. ಈ ಸಲ ಕಲ್ಲೂ ಉದುರಿತು.

ಮನೆಯಲ್ಲಿ ಅವರು ಆಗಲೂ ಫೋನು ಎತ್ತಲಿಲ್ಲ. ಹೇಗೆ ಹೊರಟೆನೋ ಗೊತ್ತಿಲ್ಲ. ಮೋರಿ, ಗುಂಡಿ, ತಿರುವು ಒಂದೂ ಕಣ್ಣಿಗೆ ಬೀಳಲಿಲ್ಲ. ಅಂಗಳಕ್ಕೆ ನುಗ್ಗಿ ಸ್ಕೂಟರನ್ನು ಗೋಡೆಗೆ ಒರಗಿಸಿ ಒಳಗೆ ಓಡಿದರೆ, ಅವರು ಮೇಜಿನ ಮೇಲೆ ತಲೆಯಿಟ್ಟಿದ್ದರು. ಫೋನು ಕೆಳಗೆ ಬಿದ್ದಿತ್ತು. ಬೆನ್ನು ಮುಟ್ಟಿದೆ. ಕುಳಿತಲ್ಲೇ ನಿದ್ದೆ ಹೋಗಿದ್ದವರು ಮೆಲ್ಲಗೆ ತಲೆಯೆತ್ತಿ, "ಬಂದೆಯಾ? ಹೇಗೆ ಹತ್ತಿದೆ?" ಎಂದರು. ಆಗ ನನಗೆ ಹೊಳೆಯಿತು: ಇಡೀ ಗುಡ್ಡೆಯಲ್ಲಿ ನಾನು ಒಂದು ಸಲವೂ ಕಾಲು ಊರಿರಲಿಲ್ಲ.

ಮರುದಿನ ನಸುಕಿಗೆ ಅವರು ಮತ್ತೆ ಬೇಡವೆಂದರು. ಉಸಿರು ಆಗಲೇ ಗೊರಗೊರ ಎನ್ನುತ್ತಿತ್ತು. "ನಿಮಗೆ ಬೇಡದಿದ್ರೆ ಬೇಡ. ನನಗೆ ಬೇಕು" ಎಂದೆ. ಅವರು ಗೋಡೆ ಹಿಡಿದು ಎದ್ದು, ಮೈ ಒರೆಸುವ ಬೈರಾಸು ಹೆಗಲಿಗೆ ಹಾಕಿಕೊಂಡರು. ನನ್ನ ಶಾಲಿನಿಂದ ಅವರನ್ನು ನನ್ನ ಸೊಂಟಕ್ಕೆ ಸೇರಿಸಿ ಕಟ್ಟಿಕೊಂಡೆ.

ಇಳಿಯುವಾಗ ಪ್ರತಿ ಗುಂಡಿಯಲ್ಲೂ ಆ ಗರ್ರೆಂಬ ಸದ್ದಿಗೆ ಕಿವಿಗೊಟ್ಟೆ. ಬರಲಿಲ್ಲ. ಕೆಸರು ಮಾತ್ರ ಎದೆಗೂ ಕೆನ್ನೆಗೂ ಹಾರುತ್ತಿತ್ತು. ಕಾಡಿನ ಬದಿಯಲ್ಲಿ ಬಿದಿರು ಮುರಿದು ಬಿದ್ದಿತ್ತು, ಪಕ್ಕದಲ್ಲಿ ಆನೆಯ ಲದ್ದಿ ಹಬೆಯಾಡುತ್ತಿತ್ತು. "ನಿಲ್ಲಿಸ್ಬೇಡ, ಸೀದಾ ಹೋಗು" ಎಂದರು ಅವರು, ಹಳೆಯ ಡ್ರೈವರಿನ ದನಿಯಲ್ಲಿ. ಕಡಿದಾದ ಜಾಗದಲ್ಲಿ ಕಣ್ಣು ಮುಚ್ಚಬೇಕು ಅನಿಸಿತು. ಮುಚ್ಚಲಿಲ್ಲ.

ಸುಳ್ಯದಲ್ಲಿ ಸಿಸ್ಟರ್ ನಮ್ಮಿಬ್ಬರನ್ನು ನೋಡಿ, "ಇದೆಂತ, ಗದ್ದೆಗೆ ಬಿದ್ದು ಬಂದದ್ದಾ?" ಎಂದರು. ಆದರೆ ತೂಕ ನೋಡಿದ ಮೇಲೆ ನಗಲಿಲ್ಲ. ಬೇಗ ಬೇಗ ಮೆಷಿನಿಗೆ ಹಾಕಿದರು. ಅವರು ಹೊರಗೆ ಬರುವವರೆಗೂ ನಾನು ಬೆಂಚಿನಲ್ಲಿ ಬಟ್ಟೆಗೆ ಅಂಟಿ ಒಣಗಿದ ಕೆಸರನ್ನು ಕೆರೆದು ತೆಗೆಯುತ್ತ ಕೂತೆ.

ಆ ಮಳೆಗಾಲ ಹಾಗೇ ಕಳೆಯಿತು. ರಸ್ತೆಯಿಂದಾಗಿ ಮತ್ತೆ ಡಯಾಲಿಸಿಸ್ ತಪ್ಪಲಿಲ್ಲ, ಆದರೆ ಹೆದರದೆ ಇಳಿದ ಬೆಳಿಗ್ಗೆಯೂ ಇರಲಿಲ್ಲ. ಮಡ್‌ಗಾರ್ಡ್ ಇನ್ನೊಂದು ಸಲ ಸೀಳಿತು, ಅದಕ್ಕೂ ತಗಡು ಬಿತ್ತು. ಮುಂದಿನ ಮಳೆಗೆ ಮೊದಲು ನಮ್ಮಲ್ಲಿದ್ದ ಒಂದೇ ಹಸುವನ್ನು ಕಡಬದಲ್ಲಿ ತಮ್ಮನ ಮನೆಗೆ ಬಿಟ್ಟು, ನಾವು ಸುಳ್ಯದಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡೆವು. ಅವರು ಇನ್ನೂ ಡಯಾಲಿಸಿಸ್‌ಗೆ ಹೋಗುತ್ತಿದ್ದಾರೆ. ಮೊದಲಿಗಿಂತ ಹಗುರಾಗಿದ್ದಾರೆ. ಹಿಂದೆ ಕೂತರೆ ಕೂತದ್ದೇ ಗೊತ್ತಾಗುವುದಿಲ್ಲ. ಅದಕ್ಕೇ ದಾರಿಯುದ್ದಕ್ಕೂ ಅವರನ್ನು ಏನಾದರೂ ಕೇಳುತ್ತ ಇರುತ್ತೇನೆ.

ಮೊನ್ನೆ ಆಸ್ಪತ್ರೆಯಿಂದ ಬರುವಾಗ ಅವರೇ ಮಾತು ತೆಗೆದರು.

"ಒಮ್ಮೆ ಊರಿನ ಮನೆಗೆ ಹೋಗಿ ಬರುವಾ?"

ಆಕಾಶ ಕಪ್ಪಿಟ್ಟಿತ್ತು. "ನಾಳೆ ಹೋಗುವ" ಎಂದೆ.

"ಮಳೆ ಬಂದರೆ?"

"ಬಂದರೂ ಹೋಗುವ."